ಕೊಂಡಿ ಹಾಕಿದ ಕೈಗಳು

ಕಾಯಂ ನೌಕರರಿಗೆ ನಿವೃತ್ತಿ ಎಂಬುದೊಂದಿರುತ್ತದೆ. ಹಾರ, ಶಾಲು, ಪ್ರಾಚಾರ್ಯರ ಭಾಷಣ, ಉಪ್ಪಿಟ್ಟು, ಶಿರಾ. ತಾತ್ಕಾಲಿಕ ನೌಕರರಿಗೆ ಅದಿಲ್ಲ. ವರ್ಷಕ್ಕೊಮ್ಮೆ ಕಾಲೇಜಿನ ನೋಟೀಸ್ ಬೋರ್ಡಿಗೆ ಒಂದು ಪಟ್ಟಿ ಹಚ್ಚುತ್ತಾರೆ. ಅದರಲ್ಲಿ ಹೆಸರಿದ್ದರೆ ಅವರು ಇದ್ದಾರೆ, ಇಲ್ಲದಿದ್ದರೆ ಇಲ್ಲ. ಬಾಗಲಕೋಟೆಯಲ್ಲಿ ನಾನು ಪತ್ರಿಕೋದ್ಯಮ ಕಲಿತ ವಿಭಾಗದ ಉಪನ್ಯಾಸಕಿಯೊಬ್ಬಳು, ನನಗಿಂತ ಚಿಕ್ಕವಳು, ಫೋನು ಮಾಡಿ ಹೇಳಿದಳು: "ಅಕ್ಕಾರ, ಈ ವರ್ಷದ ಪಟ್ಟಿಯೊಳಗ ಚಾಚಾನ ಹೆಸರ ಇಲ್ರಿ."

ನಾನಾಗ ಒಂದು ಉದ್ಘಾಟನೆಯ ಮುಂದೆ ಮೈಕು ಹಿಡಿದು ನಿಂತಿದ್ದೆ. ಟಿವಿ ಸುದ್ದಿಯ ಜಿಲ್ಲಾ ವರದಿಗಾರ್ತಿಯಾಗಿ ಹನ್ನೊಂದು ವರ್ಷವಾಯಿತು. ದಿನಕ್ಕೆ ಐದಾರು ಊರು, ಮೈಕಿನ ಮುಂದೆ ಐದಾರು ಮಂದಿಯ ಬೈಟು. "ಸರ್, ಇನ್ನೊಮ್ಮೆ ರಿಬ್ಬನ್ ಕತ್ತರಿಸ್ರಿ, ಈ ಕಡೆ ನೋಡ್ರಿ" ಅನ್ನುತ್ತೇನೆ. ಅವರು ಕತ್ತರಿಸಿದ ರಿಬ್ಬನ್ನಿನ ತುದಿ ಹಿಡಿದು ಮತ್ತೆ ಕತ್ತರಿಸುತ್ತಾರೆ. ಮೊದಮೊದಲು ನಗು ಬರುತ್ತಿತ್ತು. ಈಗ ಆಕಳಿಕೆ ಬರುತ್ತದೆ. ಫೋನಿಟ್ಟು ಅವತ್ತೂ ಹಾಗೇ ಅಂದೆ, "ಸರ್, ಇನ್ನೊಮ್ಮೆ." ಅಂದ ಮೇಲೆ ಮೈಕು ಕೆಳಗಿಳಿಸಿದೆ.

ಯಾಕೆಂದರೆ "ಇನ್ನೊಮ್ಮೆ" ಎಂಬ ಮಾತು ಚಾಚಾನಿಗೆ ಆಗುತ್ತಿರಲಿಲ್ಲ.

ಕಾಗದದ ಮೇಲೆ ಅವರು ತಾಂತ್ರಿಕ ಸಹಾಯಕ. ಪಾಠ ಮಾಡುವುದು ಅವರ ಕೆಲಸವಲ್ಲ. ಕ್ಯಾಮರಾ ಕಾಯುವುದು, ಸ್ಟುಡಿಯೋ ಬೀಗ ತೆಗೆಯುವುದು, ಹಾಕುವುದು. ನಮ್ಮ ಕೋರ್ಸಿನ ಹೆಸರಲ್ಲಿ ಮಲ್ಟಿಮೀಡಿಯಾ ಎಂದಿತ್ತು, ಬ್ರಾಡ್‌ಕಾಸ್ಟ್ ಎಂದಿತ್ತು. ವಿಭಾಗದಲ್ಲಿ ಇದ್ದದ್ದು ಒಂದು ಕ್ಯಾಮರಾ, ಎರಡು ಮೈಕು; ಒಂದು ಮೈಕು ಮಾತ್ರ ಮಾತಾಡುತ್ತಿತ್ತು. ಮೊದಲ ದಿನ ಎದೆ ಸೆಟೆಸಿ ಒಳಗೆ ಹೋದ ನಮಗೆ ಸ್ಟುಡಿಯೋದ ಮೂರೂ ಗೋಡೆಗೆ ಕೌದಿ ಇಳಿಬಿಟ್ಟದ್ದು ಕಂಡಿತು. ಹಳೆ ಸೀರೆ, ಹಳೆ ಧೋತರ, ಯಾರದೋ ಲಂಗದ ತುಂಡು, ಎಲ್ಲ ಸೇರಿಸಿ ಹೊಲಿದ ಕೌದಿಗಳು. ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಚಾಚಾ ತಮ್ಮ ಹೆಂಡತಿ ಚಾಚಿಯ ಕೈಯಿಂದ ಹೊಲಿಸಿ ತಂದವು.

"ಇದೇನು ಚಾಚಾ, ಬಾಣಂತಿ ಖೋಲಿ ಇದ್ದಂಗ ಐತಲ್ಲ" ಎಂದು ನಮ್ಮಲ್ಲೊಬ್ಬ ಅಂದ.

"ಹೌದಪಾ. ಇಲ್ಲೇ ನೀವು ಹುಟ್ಟಬೇಕಾಗೇತಿ. ಸುಮ್ನ ಕುಂದ್ರು."

ಸುದ್ದಿ ಓದುವ ಅಭ್ಯಾಸಕ್ಕೆ ದೊಡ್ಡ ಸ್ಟುಡಿಯೋಗಳಲ್ಲಿ ಕ್ಯಾಮರಾದ ಮುಂದೆ ಅಕ್ಷರ ಹರಿಯುವ ಯಂತ್ರವಿರುತ್ತದಂತೆ. ನಮಗೆ ಆ ಯಂತ್ರ ಚಾಚಾನೇ ಆಗಿದ್ದರು. ಡ್ರಾಯಿಂಗ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ದಪ್ಪ ಅಕ್ಷರದಲ್ಲಿ ಬರೆದು, ಕ್ಯಾಮರಾದ ಪಕ್ಕದಲ್ಲಿ ನಿಂತು ಎರಡೂ ಕೈಯಿಂದ ಮೆಲ್ಲಗೆ ಮೇಲೆತ್ತುತ್ತಿದ್ದರು. ಓದುವವನ ಉಸಿರು ನೋಡಿ ಎತ್ತುವರು. ನೀವು ತಡವರಿಸಿದರೆ ಹಾಳೆ ನಿಲ್ಲುತ್ತಿತ್ತು. ಅವಸರ ಮಾಡಿದರೆ ಹಾಳೆ ಅವಸರ ಮಾಡುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕಾಯಬೇಕಾಗುತ್ತಿತ್ತು. ನಾನು ನಿಲ್ಲಿಸಿ ಓದಲು ಕಲಿತದ್ದು ಹಾಗೆ. ಒಮ್ಮೆ ಹದಿನೆಂಟು ಮಂದಿ ಸಾಲಾಗಿ ಓದಿ ಮುಗಿಸಿದ ಮೇಲೆ ಅವರು ತೋಳು ಕೆಳಗಿಳಿಸಲಾರದೆ ಹಾಗೇ ನಿಂತಿದ್ದರು. ನಾವು ಹುಡುಗಿಯರು ಹೋಗಿ ಹಾಳೆ ಬಿಡಿಸಿಕೊಂಡೆವು.

ಅವರ ಮನೆ ಇಳಕಲ್ಲಿನಲ್ಲಿ, ನನ್ನದು ಹುನಗುಂದ. ಇಳಕಲ್ಲಿನಿಂದ ಬರುವ ಬೆಳಗಿನ ಬಸ್ಸಿನಲ್ಲಿ ಅವರು ಮೊದಲೇ ಕುಳಿತು ಪಕ್ಕದ ಸೀಟಿಗೆ ಕರವಸ್ತ್ರ ಹಾಕಿರುತ್ತಿದ್ದರು. ಹುನಗುಂದದಲ್ಲಿ ಹತ್ತಿದವರು ಜಗಳಕ್ಕೆ ಬಂದರೆ, "ನಮ್ಮ ಹುಡುಗಿ ಬರ್ತಾಳ್ರಿ, ಕ್ಯಾಮರಾ ಕಲಿಯಾಕಿ" ಎಂದು ದೊಡ್ಡದಾಗಿ ಹೇಳುವರು. ಬಸ್ಸಿಗೆ ಬಸ್ಸೇ ನನ್ನ ಮುಖ ನೋಡುತ್ತಿತ್ತು. ನಾಚಿಕೆಯಾದರೂ ಕೂಡಲು ಜಾಗ ಸಿಗುತ್ತಿತ್ತು. ನಮ್ಮ ಅಜ್ಜಿ ಆಯಿಯ ಮಡಿಲಲ್ಲಿ ಮಾತು ಕಲಿತವಳು ನಾನು. ಆಯಿಯ ನಂತರ ಅಷ್ಟು ಸಾವಕಾಶ ನನ್ನೊಡನೆ ಮಾತಾಡಿದವರು ಆ ಬಸ್ಸಿನಲ್ಲಿ ಚಾಚಾ ಒಬ್ಬರೇ.

ಕಾಲೇಜಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಅವರು ಮದುವೆಯ ವಿಡಿಯೋ ತೆಗೆಯುತ್ತಿದ್ದರು. ಇಳಕಲ್ಲು, ಬಾದಾಮಿ, ಹುನಗುಂದದ ಯಾವ ಜಾತಿಯ ಮದುವೆಯಲ್ಲಿ ಯಾವುದರ ನಂತರ ಯಾವುದು ಎಂಬುದು ಪುರೋಹಿತರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಪಾಠವನ್ನೂ ಮದುವೆಯ ಲೆಕ್ಕದಲ್ಲೇ ಮಾಡುವರು. "ಅಕ್ಕಿಕಾಳ ಮೇಲಿಂದ ಬೀಳೂ ಮುಂದ ಕ್ಯಾಮರಾ ಚಾಲೂ ಇರಬೇಕು. ಬಿದ್ದ ಮ್ಯಾಲ ಚಾಲೂ ಮಾಡಾಂವ ಊಟಕ್ಕ ಬಂದಾಂವ."

ಪಟ್ಟದಕಲ್ಲಿಗೆ ನಮ್ಮನ್ನು ಅಭ್ಯಾಸಕ್ಕೆ ಕರೆದೊಯ್ದಾಗ ಮಲಪ್ರಭೆಯ ದಂಡೆಯಲ್ಲಿ ಆಡಿನ ಹಿಂಡೊಂದು ನೀರಿಗಿಳಿಯಿತು. ಗೆಳೆಯನೊಬ್ಬ ಓಡಿಹೋಗಿ ಕುರುಬನಿಗೆ, "ಕಾಕಾ, ಇನ್ನೊಮ್ಮೆ ಹೊಡಕೊಂಡ ಬರ್ರಿ, ಫ್ರೇಮ್ ಸರಿ ಬರ್ಲಿಲ್ಲ" ಅಂದ. ಕುರುಬ ಆಡುಗಳ ಮುಖ ನೋಡಿದ. ಚಾಚಾ ದೂರದಿಂದಲೇ, "ಲೇ, ಆಡಿನ ಕೇಳಿಯೇನ? ಅವು ಒಪ್ಪಿದ್ರ ನನ್ನದೇನೂ ಇಲ್ಲ" ಅಂದರು.

ಮರೋಳದಲ್ಲಿ ಹಾಗಲ್ಲ, ತುಸು ಗಟ್ಟಿಯಾಗಿಯೇ ಮಾತಾಡಿದರು. ಏತ ನೀರಾವರಿಯ ಪೈಪಿನಿಂದ ಒಬ್ಬ ರೈತನ ಹೊಲಕ್ಕೆ ಮೊದಲ ಸಲ ನೀರು ಬರುವುದಿತ್ತು. ವಾಲ್ವ್ ತಿರುಗಿಸಿದ, ನೀರು ಬಂತು, ಅವನ ಮುಖ ಏನೋ ಆಯಿತು. ನಮ್ಮ ಕ್ಯಾಮರಾ ಇನ್ನೂ ಸ್ಟ್ಯಾಂಡಿಗೆ ಸಿಕ್ಕಿರಲಿಲ್ಲ. ರೈತನೇ, "ಬಂದ್ ಮಾಡಿ ಮತ್ತ ತಗೀಲೇನ್ರಿ?" ಎಂದು ಕೇಳಿದ. ಚಾಚಾ ಬೇಡವೆಂದರು. ನಮ್ಮ ಕಡೆ ತಿರುಗಿ, "ನೀರ ಇನ್ನೊಮ್ಮೆ ಬರ್ತೈತಿ. ಆ ಮುಖ ಬರೂದಿಲ್ಲ. ನಮಗ ಸಿಗಲಿಲ್ಲ ಅಂತ ಹೇಳ್ರಿ, ಮುಂದ ನಡೀರಿ" ಅಂದರು. ಅವರ ಪಾಠದಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ್ದು. ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳುವುದು.

ಯಾಕಿಷ್ಟು ಹಟ ಎಂದು ನಾನು ಬಸ್ಸಿನಲ್ಲಿ ಕೇಳಿದ್ದೆ. ಅವರು ಟಿಕೇಟು ಮಡಚಿ ಜೇಬಿಗಿಟ್ಟು ಹೇಳಿದರು.

"ನಾ ಹೊಸಬ ಇದ್ದೆ ಬೇಟಾ. ಬಾದಾಮ್ಯಾಗ ಒಂದ ಲಗ್ನ. ತಾಳಿ ಕಟ್ಟೂ ಹೊತ್ತಿಗೆ ಕ್ಯಾಸೆಟ್ ಮುಗೀತು. ಬ್ಯಾರೆ ಹಾಕಿ ಎದ್ದು ನಿಂತು, ಇನ್ನೊಮ್ಮೆ ಕಟ್ಟ್ರಿ ಅಂದೆ."

"ಅಯ್ಯ ಚಾಚಾ."

"ಬಾಯಾಗಿಂದ ಹೋಗಿಬಿಡ್ತು. ಹಲಗಿ ಬಾರ್ಸಾಂವ ಸುದ್ದಾ ನಿಲ್ಲಿಸಿದ. ಮದುಮಗಳ ಮುತ್ಯಾನ ತಾಯಿ, ತೊಂಬತ್ತರ ಮುದುಕಿ, ಅಳಾಕ ಚಾಲೂ ಮಾಡಿದ್ಲು. ತಾಳಿ ಎರಡ ಸಲ ಯಾರಿಗೆ ಕಟ್ಟತಾರ? ಗಂಡನ್ನ ಕಳಕೊಂಡಾಕಿಗೆ. ನನಗ ಹೊಳೀಲೇ ಇಲ್ಲ. ನನ್ನ ಕಣ್ಣ ಕ್ಯಾಮರಾದಾಗ ಇತ್ತು, ಮಂದಿ ಮ್ಯಾಲ ಇರಲಿಲ್ಲ. ನಮ್ಮಲ್ಲಿ ನಿಕಾಹದಾಗೂ ಕಬೂಲ್ ಅನ್ನೂದು ಮೂರ ಸಲ. ಫೋಟೋದಾಂವನ ಸಲುವಾಗಿ ನಾಕನೇದು ಇಲ್ಲ."

ಆ ಮದುವೆಯಿಂದ ಅವರು ಇನ್ನೊಂದು ಪದ್ಧತಿಯನ್ನೂ ತಂದಿದ್ದರು. ಮದುವೆಯ ಕ್ಯಾಸೆಟ್ಟು ತಯಾರಾದ ಕೂಡಲೇ ಮೊದಲು ಹೆಣ್ಣಿನ ಮನೆಗೆ ಒಯ್ದು ತೋರಿಸುವುದು. ಅವರು ನೋಡಿ ಹೂಂ ಅಂದ ಮೇಲೆ ಉಳಿದವರಿಗೆ. ನಮ್ಮ ಸಾಕ್ಷ್ಯಚಿತ್ರಗಳಿಗೂ ಅದೇ ಕಾಯಿದೆ. ಚಿತ್ರ ಯಾರದೋ, ಮೊದಲು ಅವರಿಗೆ ತೋರಿಸಬೇಕು, ಆಮೇಲೆ ಕಾಲೇಜಿಗೆ. ಇದು ಯಾವ ಪಠ್ಯದಲ್ಲೂ ಇರಲಿಲ್ಲ. ಇತ್ತೀಚೆಗೆ ಯಾರಾದರೂ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ. ನಾನೂ ಮಾಡಿಲ್ಲ.

ಈಗ ನನ್ನ ವಿಷಯಕ್ಕೆ ಬರಲೇಬೇಕು. ಅವರನ್ನು ನೆನೆದು ಇಷ್ಟು ಬರೆದವಳು ಇದನ್ನು ಬಿಟ್ಟರೆ ಅರ್ಧ ಬರೆದಂತೆ.

ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಹತ್ತು ನಿಮಿಷದ ಒಂದು ಚಿತ್ರ ಮಾಡಬೇಕಿತ್ತು. ಆ ವರ್ಷ ಟಿವಿ ಸುದ್ದಿಯವರೊಬ್ಬರು ನಮ್ಮ ಚಿತ್ರಗಳನ್ನು ನೋಡಿ ಒಬ್ಬರನ್ನು ವರದಿಗಾರರಾಗಿ ಆರಿಸಿಕೊಳ್ಳಲು ಬರುವವರಿದ್ದರು. ಒಬ್ಬರನ್ನು ಮಾತ್ರ. ಹುನಗುಂದದ ಮನೆಯಲ್ಲಿ ನನಗೆ ವರ ನೋಡುತ್ತಿದ್ದರು. ಕೆಲಸ ಸಿಕ್ಕರೆ ಎರಡು ವರ್ಷ ಬಿಡುತ್ತೇವೆ ಎಂದು ಅಪ್ಪ ಮಾತು ಕೊಟ್ಟಿದ್ದರು.

ನಾನು ಇಳಕಲ್ಲಿನ ನೇಕಾರಗಿತ್ತಿ ನೀಲವ್ವನನ್ನು ಆರಿಸಿಕೊಂಡೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದಕ್ಕೊಂದು ಸಿಕ್ಕಿಸಿ ಸೇರಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಂದು ಸೀರೆಗೆ ಅದು ಒಂದೇ ಸಲ. ಅದೇ ನನ್ನ ಚಿತ್ರದ ಜೀವ. ಮೂರು ದಿನ ನೀಲವ್ವನ ಎದುರು ಕುಳಿತೆ. ಆಕೆ ಕೊಂಡಿ ಹಾಕಿದಳು. ನಾನು ಉಸಿರು ಬಿಗಿಹಿಡಿದು ತೆಗೆದೆ. ಮನೆಗೆ ಬಂದು ನೋಡಿದರೆ ಕೊಂಡಿ ಇರಲಿಲ್ಲ. ಗುಂಡಿಯನ್ನು ಅವಸರದಲ್ಲಿ ಎರಡು ಸಲ ಒತ್ತಿದ್ದೆ. ಚಾಲೂ ಅಂದುಕೊಂಡಾಗ ಬಂದ್, ಬಂದ್ ಅಂದುಕೊಂಡಾಗ ಚಾಲೂ. ಇದ್ದದ್ದು ನನ್ನ ಚಪ್ಪಲಿ, ಇಳಕಲ್ಲಿನ ರಸ್ತೆ, ಒಂದು ನಾಯಿ.

ಚಾಚಾ ಪೂರ್ತಿ ನೋಡಿದರು, ಒಂದು ಕಿವಿಗೆ ಮಾತ್ರ ಹೆಡ್‌ಫೋನು ಒತ್ತಿ, ಅವರ ಪದ್ಧತಿಯಂತೆ. "ನಾಯಿ ಛಂದ ಬಂದೈತಿ" ಅಂದರು.

ನಾನು ಅತ್ತೆ. ನೀಲವ್ವನ ಮುಂದಿನ ಕೊಂಡಿ ಇನ್ನು ಎಂಟು ದಿನಕ್ಕೆ. ನನಗಿದ್ದದ್ದು ಮೂರು ದಿನ.

"ಇದನ್ನ ಹಾಕು ಬೇಟಾ. ನಿನ್ನ ಚಪ್ಪಲಿನ ತೋರಿಸು. ಮ್ಯಾಲ ನಿನ್ನ ದನಿಯೊಳಗ ಹೇಳು, ನೀಲವ್ವ ಕೊಂಡಿ ಹಾಕಿದ್ಲು, ನನಗ ಸಿಗಲಿಲ್ಲ ಅಂತ. ಮಂದಿ ನಂಬತಾರ."

"ಮಂದಿ ನಗತಾರ ಚಾಚಾ."

"ನಗ್ಲಿ. ನಕ್ಕು ನಂಬತಾರ."

ನಾನು ಒಪ್ಪಿದವಳಂತೆ ತಲೆ ಆಡಿಸಿದೆ. ಮರುದಿನ ಅವರಿಗೆ ಹೇಳದೆ ಇಳಕಲ್ಲಿಗೆ ಹೋಗಿ ಇನ್ನೊಂದು ಓಣಿಯಲ್ಲಿ ತಿರುಗಿದೆ. ಬಾಗಿಲ ಬೆಳಕಿನಲ್ಲಿ ಒಬ್ಬ ಹೆಂಗಸು ಕೊಂಡಿ ಹಾಕುತ್ತ ಕುಳಿತಿದ್ದಳು. ಕೈಗಳನ್ನು ಮಾತ್ರ ತೆಗೆದುಕೊಂಡೆ, ಮುಖ ತೆಗೆಯಲಿಲ್ಲ. ಕಾಲು ತಾಸೂ ಆಗಲಿಲ್ಲ.

"ಯಾವ ಟಿವ್ಯಾಗ ಬರ್ತೈತಬೇ?" ಎಂದು ಆಕೆ ಕೇಳಿದಳು.

"ಬಂದಾಗ ಹೇಳ್ತೇನಿ" ಎಂದೆ. ಹೆಸರು ಕೇಳಲಿಲ್ಲ.

ಆ ಕೈಗಳನ್ನು ನೀಲವ್ವನ ಮುಖದ ಪಕ್ಕಕ್ಕೆ ಜೋಡಿಸಿದಾಗ ನನಗೇ ಗುರುತು ಸಿಗಲಿಲ್ಲ, ಅಷ್ಟು ಚೆನ್ನಾಗಿ ಕೂತಿತು. ಚಾಚಾ ನೋಡಿದರು. "ನಡಿ, ನೀಲವ್ವಗ ತೋರಿಸಿ ಬರೂಣು" ಅಂದರು ಅಷ್ಟೆ.

ನೀಲವ್ವನ ಮನೆಯಲ್ಲಿ ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ, ಲ್ಯಾಪ್‌ಟಾಪನ್ನು ಡಬ್ಬಿಯ ಮೇಲಿಟ್ಟು ತೋರಿಸಿದೆವು. ಓಣಿಯ ನಾಲ್ಕು ಹೆಂಗಸರೂ ಬಂದರು. ತನ್ನ ಮುಖ ಬಂದಾಗ ನೀಲವ್ವ ಸೆರಗು ಸರಿಮಾಡಿಕೊಂಡಳು. ಕೊಂಡಿಯ ಭಾಗ ಬಂತು. ಆಕೆ ಮುಂದಕ್ಕೆ ಬಾಗಿದಳು.

"ಈ ಕೈ ನನ್ನವಲ್ಲ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದವರು ಹೇಳುವಂತೆ ಹೇಳಿದಳು.

"ನಾ ಎಡಚಿ ಅದೇನಿ. ಎಡಗೈಲೇ ಸಿಗಸ್ತೇನಿ. ಈಕಿ ಬಲಗೈಯಾಕಿ. ಕೈ ಛಲೋ ಅದಾವ ಬಿಡ್ರಿ, ಯಾರವ್ವ ಈಕಿ?"

ಮೂರು ದಿನ ಎದುರಿಗೆ ಕುಳಿತಿದ್ದ ನನಗೆ ನೀಲವ್ವ ಎಡಗೈಯವಳೆಂಬುದು ಗೊತ್ತಿರಲಿಲ್ಲ. ಆ ಕೈಗಳ ಹೆಂಗಸಿನ ಹೆಸರನ್ನೂ ನಾನು ಕೇಳಿರಲಿಲ್ಲ. ನೀಲವ್ವ ನನ್ನ ಮುಖ ನೋಡಿ, "ಇರ್ಲಿ ತಗೋ, ಚಾ ಕುಡೀರಿ" ಅಂದಳು. ಚಾಚಾ ಬಸಿಗೆ ಸುರುವಿಕೊಂಡು ಚಹಾ ಕುಡಿದರು. ಅವರ ಮನೆ ಹತ್ತಿರದಲ್ಲೇ ಇದ್ದರೂ ನನ್ನೊಡನೆ ಹುನಗುಂದದವರೆಗೆ ಬಸ್ಸಿನಲ್ಲಿ ಬಂದರು. ನಾನು ಇಳಿಯುವಾಗ ಹೇಳಿದರು: "ನಾಳೆ ಹನ್ನೊಂದಕ್ಕ ತೋರಿಸೂದೈತಿ. ಅಷ್ಟರೊಳಗ ಆ ಭಾಗ ತಗದ್ರ ತಗಿ. ನಾ ಯಾರ ಮುಂದೂ ಹೇಳಾಂವಲ್ಲ. ಇದು ನಿನ್ನ ಸಿನಿಮಾ."

ನಾನು ತೆಗೆಯಲಿಲ್ಲ.

ಮರುದಿನ ಕತ್ತಲು ಮಾಡಿದ ಹಾಲಿನಲ್ಲಿ ಪ್ರೊಜೆಕ್ಟರ್ ಚಾಲೂ ಮಾಡಿದ್ದು ಚಾಚಾನೇ. ಆ ಕೈಗಳು ಪರದೆಯ ತುಂಬ ಬಂದಾಗ ನಾನು ಹಿಂದಿರುಗಿ ನೋಡಿದೆ. ಅವರು ಪರದೆ ನೋಡುತ್ತಿರಲಿಲ್ಲ. ವೈರು ಸುತ್ತುತ್ತಿದ್ದರು, ಮೊಣಕೈಗೆ ಸುತ್ತದೆ, ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ, ಒಳಗಿನ ತಂತಿಗೆ ನೋವಾಗಬಾರದೆಂದು ನಮಗೆ ಕಲಿಸಿದ್ದ ರೀತಿಯಲ್ಲಿ. ಟಿವಿಯಿಂದ ಬಂದಿದ್ದವರು ಚಿತ್ರ ಮುಗಿದ ಮೇಲೆ ಅಂದರು, "ಆ ಕೈಗಳ ಶಾಟ್ ಇದೆಯಲ್ಲ, ಅದಕ್ಕೇ ಈ ಹುಡುಗಿಯನ್ನು ತೆಗೆದುಕೊಳ್ಳುತ್ತಿದ್ದೇನೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಚಾಚಾ ಬಂದು ತಲೆಯ ಮೇಲೆ ಕೈ ಇಟ್ಟರು. "ಛಲೋ ಆಗ್ಲಿ" ಅಂದರು. ಅವರ ಕೈ ಎಂದಿನಂತೆಯೇ ಹಗುರವಾಗಿತ್ತು. ಅದು ಭಾರವಾಗಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ಭೇಟಿ ಕಡಿಮೆಯಾಯಿತು. ಕೆಲಸ ಎಂದೆ, ಮದುವೆ ಎಂದೆ, ಮಗು ಎಂದೆ. ಕಾಲೇಜಿನ ಮುಂದೆ ಹಾಯ್ದು ಹೋಗುವಾಗ ಫೋನು ನೋಡುತ್ತಿದ್ದೆ.

ಪಟ್ಟಿಯ ಸುದ್ದಿ ಬಂದ ಮೇಲೂ ಒಂದೂವರೆ ತಿಂಗಳು ತಡ ಮಾಡಿದೆ. ಇಳಕಲ್ಲಿನಲ್ಲಿ ಒಂದು ಸುದ್ದಿ ಮುಗಿಸಿ, ಕ್ಯಾಮರಾದವನನ್ನು ಬಸ್‌ಸ್ಟ್ಯಾಂಡಿಗೆ ಕಳಿಸಿ, ಮಧ್ಯಾಹ್ನ ಒಬ್ಬಳೇ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಚಾಚಿ, "ಟಿವಿಯಾಕಿ ಬಂದ್ಲು ನೋಡ್ರಿ" ಎಂದು ಒಳಗೆ ಕೂಗಿದಳು. ಚಾಚಾ ಗೋಡೆಗೆ ಒರಗಿ ಕುಳಿತಿದ್ದರು. ಬಡಕಲಾಗಿದ್ದರು. ಎದುರಿಗೆ ಹಳೆ ಲ್ಯಾಪ್‌ಟಾಪು, ವಿಭಾಗದ ಹಾರ್ಡ್ ಡಿಸ್ಕು.

"ನಾಳೆ ಇದನ್ನ ಒಪ್ಪಿಸಬೇಕು. ಎಲ್ಲಾ ಹುಡುಗ್ರ ಸಿನಿಮಾ ಇದರಾಗ ಅದಾವ. ಹೊಂದಿಸಿಡಾಕತ್ತಿದ್ದೆ. ಕುಂದ್ರು."

"ನೀವು ಹಿಂಗ ಬಿಡಬಾರದಾಗಿತ್ತು ಚಾಚಾ. ನಾ ಯಾರಿಗರ ಹೇಳ್ತಿದ್ದೆ."

"ಏನಂತ ಹೇಳ್ತಿದ್ದಿ? ಇನ್ನೊಮ್ಮೆ ಪಟ್ಟಿ ಹಚ್ಚ್ರಿ ಅಂತೇನು?" ನಕ್ಕರು. ನಾನೂ ನಗಲು ನೋಡಿದೆ.

ಸ್ವಲ್ಪ ಹೊತ್ತು ಊರ ಮಾತು ಆಡಿದೆವು. ನೀಲವ್ವ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದಾಳೆ ಎಂದರು. ಹೇಳಬೇಕೆಂದು ಹನ್ನೊಂದು ವರ್ಷ ಹೊತ್ತು ತಿರುಗಿದ್ದನ್ನು ನಾನು ಆಗಲೇ ಹೇಳಿದೆ: "ಚಾಚಾ, ಆ ಕೈ ವಿಷಯ ನಾ ಯಾರಿಗೂ ಹೇಳಿಲ್ಲ."

"ನಾ ಹೇಳೇನಿ ಬಿಡು."

ನಾನು ಅವರ ಮುಖ ನೋಡಿದೆ.

"ನಿನ್ನ ಹೆಸರ ಹೇಳಿಲ್ಲ" ಎನ್ನುತ್ತ ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದರು. ನನ್ನ ಚಿತ್ರವೇ. ನೀಲವ್ವ ಎಡಗೈಯಲ್ಲಿ ಚಹಾದ ಕಪ್ಪು ಹಿಡಿದ ಕಡೆ ಒಮ್ಮೆ ನಿಲ್ಲಿಸಿದರು. ಕೊಂಡಿಯ ಕಡೆ ಮತ್ತೊಮ್ಮೆ ನಿಲ್ಲಿಸಿದರು. "ವರ್ಷ ವರ್ಷ ಹೊಸ ಹುಡುಗ್ರಿಗೆ ಮೊದಲನೇ ವಾರದಾಗ ಇದನ್ನ ತೋರಿಸ್ತಿದ್ದೆ. ಈ ಕೈ ಯಾರವು ಹೇಳ್ರಿ ಅಂತ ಕೇಳ್ತಿದ್ದೆ. ಕೆಲವರು ಹಿಡೀತಿದ್ರು. ಹಿಡಿದವರು ಮುಂದ ಕ್ಯಾಮರಾ ಛಲೋ ಹಿಡಿದ್ರು."

ಕೊನೆಗೆ ಹೆಸರುಗಳು ಬಂದವು. ನೇಯ್ದವರು: ನೀಲವ್ವ. ಅದರ ಕೆಳಗೆ ನಾನು ಬರೆಯದಿದ್ದ ಒಂದು ಸಾಲು. ಕೊಂಡಿ ಹಾಕಿದ ಕೈಗಳು: ಸಾವಂತ್ರವ್ವ.

"ಯಾರು ಹೇಳಿದ್ರು ನಿಮಗ?"

"ಓಣಿ ಓಣಿಗೆ ಹೋದೆ, ಈ ಚಿತ್ರ ಹಿಡಕೊಂಡು. ನಾಕನೇ ಮನಿಯವರು ಕೈಯಾಗಿನ ಬಳಿ ನೋಡಿ ಗುರ್ತ ಹಿಡಿದ್ರು. ಆಕಿಗೂ ತೋರಿಸಿ ಬಂದೆ. ಎರಡ ಸಲ ನೋಡಿದ್ಲು. ಆ ಹುಡುಗಿ ಬಂದು ಹೇಳ್ತೇನಿ ಅಂದಿದ್ಲು ಅಂದ್ಲು. ಕೆಲಸದಾಗ ಸಿಕ್ಕೊಂಡಾಳ ಅಂತ ನಾ ಹೇಳಿ ಬಂದೆ. ಹೋದ ವರ್ಷ ತೀರಿಕೊಂಡ್ಲು."

ಪರದೆಯ ಮೇಲೆ ಕೊನೆಯ ಸಾಲಿನಲ್ಲಿ 'ಚಿತ್ರ ಮಾಡಿದವರು' ಎಂದಿತ್ತು. ಅದರ ಮುಂದೆ ಖಾಲಿ.

"ನಿನ್ನ ಹೆಸರ ತಗದೇನಿ. ನೀ ದಿನಾ ಟಿವ್ಯಾಗ ಬರಾಕಿ. ನಮ್ಮ ಹುಡುಗ್ರು ನಾಳೆ ಮೈಕ್ ಹಿಡಕೊಂಡು ನಿನ್ನ ಬಾಜೂಕ ನಿಂದ್ರತಾರ. ಅವರ ಮುಂದ ನಿನಗ ತಲಿ ತಗ್ಗೂದು ಬ್ಯಾಡ ಅಂತ."

ನಾಳೆಯಿಂದ ಆ ಡಿಸ್ಕು ವಿಭಾಗದಲ್ಲಿರುತ್ತದೆ. ಪಕ್ಕದಲ್ಲಿ ನಿಂತು ನಿಲ್ಲಿಸಿ ತೋರಿಸುವವರು ಇರುವುದಿಲ್ಲ. ಹೆಸರಿಲ್ಲದ ಚಿತ್ರ ಯಾರದೂ ಅಲ್ಲದೆ ಬಿದ್ದಿರುತ್ತದೆ. ನನಗೆ ಯಾವ ತೊಂದರೆಯೂ ಇಲ್ಲ.

"ಚಾಚಾ, ಲ್ಯಾಪ್‌ಟಾಪ್ ಕೊಡ್ರಿ ಇತ್ತ" ಎಂದೆ.

ಅವರು ಕೊಡಲಿಲ್ಲ. "ವಿಚಾರ ಮಾಡು ಬೇಟಾ. ಡಿಸ್ಕ್ ಒಮ್ಮೆ ಕಾಲೇಜಿಗೆ ಕೊಟ್ಟ ಮ್ಯಾಲ ನನ್ನ ಕಡಿಂದ ತಗಿಯಾಕ ಆಗೂದಿಲ್ಲ. ಒಳಗ ಬಿಡೂದಿಲ್ಲ ನನ್ನ."

"ಕೊಡ್ರಿ."

ಖಾಲಿ ಇದ್ದ ಕಡೆ ನನ್ನ ಹೆಸರು ಟೈಪು ಮಾಡಿದೆ. ದಿನಕ್ಕೆ ಐದಾರು ಸಲ ಬಾಯಿತುಂಬ ಹೇಳುವ ಹೆಸರು; ಅಕ್ಷರ ಹುಡುಕಬೇಕಾಯಿತು. ಅದರ ಕೆಳಗೆ ಇನ್ನೊಂದು ಸಾಲು ಬರೆದೆ: ನೀಲವ್ವ ಕೊಂಡಿ ಹಾಕಿದಳು, ನನಗೆ ಸಿಗಲಿಲ್ಲ, ಸಾವಂತ್ರವ್ವನ ಕೈಗಳನ್ನು ಹೆಸರು ಕೇಳದೆ ತಂದು ಹಚ್ಚಿದೆ.

ಚಾಚಾ ಚಷ್ಮಾ ಹುಡುಕಿ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ ಓದಿದರು. ಎರಡನೆಯ ಸಲವೂ ಓದಿದರು. ಸೇವ್ ಗುಂಡಿ ಎಲ್ಲಿದೆ ಎಂದು ಬೆರಳಿನಿಂದ ತೋರಿಸಿದರು. ನಾನು ಒತ್ತಿದೆ. ಹಳೆಯ ಯಂತ್ರ, ಚಿತ್ರ ಹೊಸದಾಗಿ ಕೂಡಿಬರಲು ಐವತ್ತು ನಿಮಿಷ ಬೇಕೆಂದಿತು.

"ನಿನ್ನ ಬಸ್ ಹೋಗತೈತಿ" ಅಂದರು.

"ಹೋಗ್ಲಿ ಬಿಡ್ರಿ" ಎಂದೆ. ಚಾಚಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ನಾವಿಬ್ಬರೂ ಗೋಡೆಗೆ ಒರಗಿ, ಪರದೆಯ ಮೇಲೆ ಸಣ್ಣ ಗೀಟು ಮುಂದಕ್ಕೆ ಸರಿಯುವುದನ್ನು ನೋಡುತ್ತ ಕುಳಿತೆವು.